ಬೀರುವಿನೊಳಗಿನ ಗಾಳಿಗೆ ಎಷ್ಟು ರೇಟು?

ಮನೆಯಲ್ಲಿ ಹಳೇ ಮಂಚ, ಹಳೇ ಬೀರು ಇಟ್ಟುಕೊಂಡವರೆಲ್ಲ ಒಳಗೊಳಗೇ ಲಕ್ಷಾಧೀಶರು. ಹೊರಗೆ ತೋರಿಸಿಕೊಳ್ಳುವುದಿಲ್ಲ ಅಷ್ಟೆ. ಪೆನ್ಷನ್ ಸಾಲದು, ತೊಗರಿಬೇಳೆ ರೇಟು ಏರಿತು ಎಂದು ಹಗಲೆಲ್ಲ ಗೊಣಗಿ, ರಾತ್ರಿ ಮಾತ್ರ 'ಹೆಚ್ಚುಕಮ್ಮಿಯಾದರೆ ಬೀಟೆ ಮಂಚ ಇದ್ದೇ ಇದೆಯಲ್ಲ' ಎಂಬ ಧೈರ್ಯದಲ್ಲಿ ಅದೇ ಮಂಚದ ಮೇಲೆ ಗೊರಕೆ ಹೊಡೆಯುತ್ತಾರೆ. ಮಾರಲು ಹೊರಡುವ ತನಕ ಆ ಧೈರ್ಯಕ್ಕೆ ಭಂಗವಿಲ್ಲ. 2024ರ ಆಷಾಢದವರೆಗೆ ನಾನೂ ಈ ಗುಂಪಿನ ಗೌರವಾನ್ವಿತ ಸದಸ್ಯನಾಗಿದ್ದೆ.

ಆಷಾಢದಲ್ಲಿ ಹೊಸ ಮನೆಗೆ ಹೋಗುವ ಹಾಗಿಲ್ಲ. ಆದ್ದರಿಂದ ಆ ತಿಂಗಳು ಸಾಮಾನು ವಿಲೇವಾರಿಗೆ ಮೀಸಲಾಯಿತು. ಶ್ರಾವಣದಲ್ಲಿ ನಾವು ಬಸವನಗುಡಿಯ ಹಳೇ ಮನೆ ಬಿಟ್ಟು ಕನಕಪುರ ರಸ್ತೆಯ ಫ್ಲ್ಯಾಟಿಗೆ ಹೋಗಬೇಕು. ಅಲ್ಲಿ ವಾರ್ಡ್‌ರೋಬು ಗೋಡೆಯಲ್ಲೇ ಹುಟ್ಟಿಕೊಂಡಿದೆ. ಲಿಫ್ಟಿನೊಳಗೆ ನಾನು, ನನ್ನಾಕೆ, ಒಂದು ತರಕಾರಿ ಚೀಲ ಸೇರಿದರೆ ಬಾಗಿಲು ಮುಚ್ಚುವುದು ಕಷ್ಟ. ಮಗಳು ಬಂದು ಟೇಪು ಹಿಡಿದು ಅಳೆದು, "ಅಪ್ಪಾ, ಈ ಮಂಚ ಬಂದ್ರೆ ನೀವು ಬರೋಕಾಗಲ್ಲ" ಎಂದು ತೀರ್ಪು ಕೊಟ್ಟಳು. ನನ್ನಾಕೆ ಸ್ವಲ್ಪ ಯೋಚಿಸಿದಳು. ಆ ಯೋಚನೆ ಬೇಕಾದ್ದಕ್ಕಿಂತ ಉದ್ದವಾಯಿತು ಅಂತ ನನ್ನ ಭಾವನೆ.

ಮಾರಬೇಕಾದದ್ದು ಇಷ್ಟು. ತಾತನ ಕಾಲದ ಬೀಟೆ ಮಂಚ. ಅಪ್ಪ 1974ರಲ್ಲಿ ನಾನೂರು ರೂಪಾಯಿಗೆ ಮಾಡಿಸಿದ ತೇಗದ ಬೀರು. ಮತ್ತೆ ಅಪ್ಪನದೇ ಒಂದು ಕೈಕುರ್ಚಿ. ಸೀಟಿನ ಬೆತ್ತ ಹರಿದಿದ್ದರಿಂದ ಅದನ್ನು ಯಾರೂ ಆಸ್ತಿಯೆಂದು ಲೆಕ್ಕಕ್ಕೆ ಹಿಡಿದಿರಲಿಲ್ಲ.

ಮಂಚದ ವಯಸ್ಸಿನ ಬಗ್ಗೆ ನಮ್ಮ ಮನೆಯಲ್ಲಿ ಒಮ್ಮತವಿಲ್ಲ. ನಾನು ಚಿಕ್ಕವನಿದ್ದಾಗ ಅದು ನಾಲ್ವಡಿ ಕೃಷ್ಣರಾಜ ಒಡೆಯರ ಕಾಲದ್ದಾಗಿತ್ತು. ನನ್ನ ಮದುವೆ ಮಾತುಕತೆಯ ದಿನ ಹೆಣ್ಣಿನ ಕಡೆಯವರ ಮುಂದೆ ಚಿಕ್ಕಪ್ಪ ಅದನ್ನು ಚಾಮರಾಜ ಒಡೆಯರ ಕಾಲಕ್ಕೆ ಒಯ್ದರು. ಮಗಳ ಮದುವೆಯ ಹೊತ್ತಿಗೆ ಮುಮ್ಮಡಿಯವರ ಕಾಲ ಮುಟ್ಟಿತು. ಮನೆಯಲ್ಲಿ ಇನ್ನೊಂದು ಮದುವೆ ನಡೆದಿದ್ದರೆ ಟಿಪ್ಪು ಸುಲ್ತಾನ್ ಅದರ ಮೇಲೆ ಮಲಗಿ ಎದ್ದಿರುತ್ತಿದ್ದ.

ಬೆಲೆ ಕಟ್ಟುವುದು ನನಗೆ ಹೊಸ ಕೆಲಸವಲ್ಲ. ಬ್ಯಾಂಕಿನಲ್ಲಿ ಮ್ಯಾನೇಜರಾಗಿ ನಿವೃತ್ತನಾದವನು. ಸಾಲ ಕೇಳಿ ಬಂದವರ ಎಮ್ಮೆ, ಪಂಪ್‌ಸೆಟ್ಟು, ಪವರ್ ಟಿಲ್ಲರುಗಳನ್ನು ಕಣ್ಣಳತೆಯಲ್ಲೇ ತೂಗಿ, ಮಾರ್ಜಿನ್ ಕಳೆದು, "ನಿಮ್ಮ ಎಮ್ಮೆಗೆ ಅಷ್ಟೆಲ್ಲ ಬರಲ್ಲ ಗೌಡ್ರೇ, ಪ್ರೀತಿ ಬೇರೆ, ಮಾರ್ಕೆಟ್ ಬೇರೆ" ಎಂದು ನಿರ್ದಾಕ್ಷಿಣ್ಯವಾಗಿ ಹೇಳುತ್ತಿದ್ದೆ. ಆ ಗೌಡರುಗಳೆಲ್ಲ ಒಟ್ಟಾಗಿ ಅಂದು ಹಾಕಿದ ಶಾಪ ಈ ಆಷಾಢಕ್ಕೆಂದೇ ಕಾದಿದ್ದಂತೆ ಕಾಣುತ್ತದೆ.

ಮೊದಲು ವೈಜ್ಞಾನಿಕವಾಗಿ ಶುರುಮಾಡಿದೆ. ಸಾಮಿಲ್ಲಿಗೆ ಫೋನ್ ಹಚ್ಚಿ ತೇಗದ ರೇಟು ಕೇಳಿದೆ. "ಚೇಗು ಬಲಿತಿದ್ದರೆ ಅಡಿಗೆ ನಾಲ್ಕು ಸಾವಿರ ಸಾರ್" ಅಂದರು. ಮರದ ವ್ಯಾಪಾರದಲ್ಲಿ ಅಡಿ ಅಂದರೆ ಘನ ಅಡಿ, ಅಷ್ಟು ನನಗೂ ಗೊತ್ತು. ಬೀರುವಿನ ಎತ್ತರ ಆರಡಿ, ಅಗಲ ನಾಲ್ಕಡಿ, ಆಳ ಒಂದೂವರೆ. ಗುಣಿಸಿದರೆ 36 ಘನ ಅಡಿ. ನಾಲ್ಕು ಸಾವಿರದಿಂದ ಗುಣಿಸಿದರೆ 1,44,000 ರೂಪಾಯಿ. ಹಾಳೆಯನ್ನು ನನ್ನಾಕೆಗೆ ತೋರಿಸಿದೆ. ಅವಳು ಕನ್ನಡಕ ಹಾಕಿಕೊಂಡು ಓದಿ, "ಒಳಗೆ ನನ್ನ ಸೀರೆ ಇಟ್ಟಿರೋ ಜಾಗಾನೂ ತೇಗಾನಾ? ಗಾಳಿಗೂ ರೇಟು ಹಾಕಿದೀರಲ್ಲ" ಅಂದಳು.

ಒಂದೊಂದೇ ಹಲಗೆ ಅಳೆಯಬೇಕಂತೆ. ಉದ್ದ ಅಡಿಯಲ್ಲಿ, ಅಗಲ ಮತ್ತು ದಪ್ಪ ಇಂಚಿನಲ್ಲಿ ಹಿಡಿದು, ಗುಣಿಸಿ, 144ರಿಂದ ಭಾಗಿಸಬೇಕು. ಹಾಗೆ ಅಳೆದಾಗ ಮೂವತ್ತಾರು ಅಡಿ ಬೀರು ಐದೂವರೆ ಅಡಿಗೆ ಕುಗ್ಗಿತು. ಬೆಲೆ ಇಪ್ಪತ್ತೆರಡು ಸಾವಿರ. ಅದೂ ಹೊಸ ಮರದ ರೇಟಿನಲ್ಲಿ. ಹಳೇ ಹಲಗೆಯಲ್ಲಿ ಮೊಳೆ ತೂತು, ಬಾಗು, ಹತ್ತರಿ ಹೊಡೆದರೆ ಹೋಗುವ ಭಾಗ ಎಲ್ಲ ಕಳೆದು ಅರ್ಧಕ್ಕೆ ಕೇಳುತ್ತಾರೆ. ಒಂದೇ ಮಧ್ಯಾಹ್ನದಲ್ಲಿ 1,33,000 ರೂಪಾಯಿ ಕಳೆದುಕೊಂಡ ಆಘಾತಕ್ಕೆ ಎರಡು ಲೋಟ ಕಾಫಿ ಬೇಕಾಯಿತು.

ಭಾವಮೈದ ಆಡಿಟರು. ಅವನಿಗೆ ಫೋನ್ ಮಾಡಿದ್ದು ಗಾಯಕ್ಕೆ ಉಪ್ಪು ಹಚ್ಚಿಸಿಕೊಂಡ ಹಾಗಾಯಿತು. "ಭಾವ, ಇನ್‌ಕಂ ಟ್ಯಾಕ್ಸ್ ಲೆಕ್ಕದಲ್ಲಿ ಫರ್ನಿಚರಿಗೆ ವರ್ಷಕ್ಕೆ ಹತ್ತು ಪರ್ಸೆಂಟ್ ಸವಕಳಿ. ಪ್ರತಿ ವರ್ಷ ಉಳಿದದ್ದರಲ್ಲಿ ಹತ್ತು. ನಾನೂರು ರೂಪಾಯಿ ಬೀರು, ಐವತ್ತು ವರ್ಷ..." ಆ ಕಡೆಯಿಂದ ಕ್ಯಾಲ್ಕುಲೇಟರಿನ ಟಕಟಕ ಕೇಳಿಸಿತು. "ಎರಡು ರೂಪಾಯಿ ಆರು ಪೈಸೆ."

ಹಿಂದಿನಿಂದ ನನ್ನಾಕೆ, ಅದೇ ನಾನೂರಕ್ಕೆ ನಿಮ್ಮಪ್ಪ ಆವತ್ತು ಚಿನ್ನ ತಗೊಂಡಿದ್ದರೆ ಎಂದು ಶುರುಮಾಡಿದಳು. 1974ರಲ್ಲಿ ಹತ್ತು ಗ್ರಾಂ ಚಿನ್ನ ಐನೂರು ರೂಪಾಯಿಯ ಆಸುಪಾಸು. ನಾನೂರಕ್ಕೆ ಎಂಟು ಗ್ರಾಂ. 2024ರ ಆ ಆಷಾಢದಲ್ಲಿ ಅದು ಐವತ್ತೈದು ಸಾವಿರಕ್ಕೆ ಮೇಲೆಯೇ ಇತ್ತು. ಹೀಗೆ ಸಂಜೆಯ ಹೊತ್ತಿಗೆ ಒಂದೇ ಬೀರುವಿಗೆ ಎರಡು ರೂಪಾಯಿಯಿಂದ ಒಂದೂವರೆ ಲಕ್ಷದವರೆಗೆ ಬೆಲೆ ಸಿದ್ಧವಾಯಿತು. ಬೀರು ಮಾತ್ರ ಇದ್ದಲ್ಲೇ ಇತ್ತು, ಎಡಗಡೆ ಬಾಗಿಲು ಎಂದಿನಂತೆ ಕಿರ್ರೆನ್ನುತ್ತ.

ಕೊಳ್ಳುವವರಿನ್ನೂ ಹುಟ್ಟಿರಲಿಲ್ಲ, ನನಗಾಗಲೇ ತೆರಿಗೆಯ ಚಿಂತೆ. ಮನೆಬಳಕೆಯ ಪೀಠೋಪಕರಣ ಮಾರಿದರೆ ಕ್ಯಾಪಿಟಲ್ ಗೇನ್ಸ್ ತೆರಿಗೆ ಇಲ್ಲ, ಆದರೆ ಒಡವೆ, ಪೇಂಟಿಂಗು, ಶಿಲ್ಪ, ಕಲಾಕೃತಿಗಳಿಗೆ ಉಂಟು ಎಂದು ಭಾವಮೈದ ವಿವರಿಸಿದ. ಮಂಚದ ತಲೆಯ ಕಡೆ ಎರಡು ನವಿಲು ಕೆತ್ತಿದೆ, ಅದು ಕಲಾಕೃತಿಯಾಗುತ್ತದೆಯೇ ಎಂದು ಕೇಳಿದೆ. "ನೋಡೋಕೆ ಬಂದ ಆಫೀಸರು ನಗದೆ ಇದ್ದರೆ ಆಗುತ್ತೆ ಭಾವ" ಅಂದ. ಜೊತೆಗೆ ಇನ್ನೊಂದು ಎಚ್ಚರಿಕೆ ಕೊಟ್ಟ. ನೂರು ವರ್ಷ ದಾಟಿದ ಕಲಾವಸ್ತುಗಳು 1972ರ ಪುರಾವಸ್ತು ಕಾಯ್ದೆಯ ಕೈಗೆ ಸಿಕ್ಕುತ್ತವೆ, ಅವುಗಳ ವ್ಯಾಪಾರಕ್ಕೆ ಲೈಸೆನ್ಸು ಬೇಕು, ದೇಶದಿಂದ ಆಚೆ ಕಳಿಸುವ ಹಾಗಿಲ್ಲ, ಅದಕ್ಕೇ ಮುಮ್ಮಡಿಯವರ ಹೆಸರು ಎತ್ತಬೇಡಿ ಅಂದ. ಆ ರಾತ್ರಿಯೇ ಮಂಚದ ವಯಸ್ಸನ್ನು 99ಕ್ಕೆ ಇಳಿಸಿದೆ.

ಕುರ್ಚಿಯ ಕಥೆಗೆ ಕಾರಣನಾದವನು ಅಕ್ಕನ ಮಗ. ಸಾಫ್ಟ್‌ವೇರಿನವನು, ಮನೆ ತುಂಬ 'ವಿಂಟೇಜ್' ಅನ್ನುವ ಜಂಕು. ಹಿತ್ತಲ ಕಡೆ ಚಪ್ಪಲಿ ಬಿಡುವಲ್ಲಿದ್ದ ಕುರ್ಚಿ ನೋಡಿ, "ಮಾಮಾ!" ಎಂದು ಕಿರುಚಿದ. ಹಾವು ಇರಬೇಕೆಂದು ನಾನು ಕೋಲು ತಂದೆ. ಅವನು ಮೊಬೈಲ್ ಮುಂದೆ ಹಿಡಿದ. ಚಂಡೀಗಢ ನಗರ ಕಟ್ಟುವಾಗ, ಅಂದರೆ 1950ರ ದಶಕದಲ್ಲಿ, ವಾಸ್ತುಶಿಲ್ಪಿ ಲ ಕಾರ್ಬೂಸಿಯೆಯ ದಾಯಾದಿ ಪಿಯರ್ ಜನರೆ ಅಲ್ಲಿನ ಕಚೇರಿಗಳಿಗೆಂದು ತೇಗ ಮತ್ತು ಬೆತ್ತದ ಕುರ್ಚಿಗಳ ವಿನ್ಯಾಸ ಮಾಡಿದ. ವರ್ಷಗಳ ಮೇಲೆ ಅವು ಮುರಿದು, ಕಂಡಮ್ ಆಗಿ, ತಾರಸಿ ಮೇಲೆ ರಾಶಿ ಬಿದ್ದು, ಗುಜರಿ ರೇಟಿನಲ್ಲಿ ಹರಾಜಾದವು. ಹಾಗೆ ಕೊಂಡವರಲ್ಲಿ ಕೆಲವರು ವಿದೇಶಿ ವ್ಯಾಪಾರಿಗಳು. ಈಗ ಪ್ಯಾರಿಸ್, ಲಂಡನ್, ನ್ಯೂಯಾರ್ಕಿನ ಹರಾಜುಗಳಲ್ಲಿ ಅವೇ ಕುರ್ಚಿಗಳು ಲಕ್ಷಗಟ್ಟಲೆ ಬಾಳುತ್ತವೆ. 2011ರಲ್ಲಿ ಕೇಂದ್ರ ಗೃಹ ಸಚಿವಾಲಯವೇ ಮಧ್ಯೆ ಬಂದು ಅವುಗಳ ಮಾರಾಟ ನಿಲ್ಲಿಸಲು ಆದೇಶ ಹೊರಡಿಸಬೇಕಾಯಿತು.

"ಅದರ ಗುರುತು ಏನು ಗೊತ್ತಾ ಮಾಮಾ? ಕಾಲು ವಿ ಆಕಾರ. ಹಿಂದುಗಡೆ ಬಿಳೀ ಬಣ್ಣದಲ್ಲಿ ಇಲಾಖೆ ನಂಬರು."

ನಮ್ಮ ಕುರ್ಚಿಯನ್ನು ತಿರುಗಿಸಿದೆವು. ಬೆನ್ನಿನ ಪಟ್ಟಿಯ ಮೇಲೆ, ಅರ್ಧ ಅಳಿಸಿದ ಬಿಳೀ ಬಣ್ಣದಲ್ಲಿ, ಇಂಗ್ಲಿಷಿನ ಎಂ, ಜಿ ಎರಡಕ್ಷರ. ಪಕ್ಕದಲ್ಲಿ 114. ನನ್ನ ಎದೆ ಡವಗುಟ್ಟಿತು. ಕಾಲುಗಳನ್ನು ನೋಡಿದೆ. ನೆಟ್ಟಗೇ ಇದ್ದವು. ಆದರೆ ಹಿಂದಿನ ಒಂದು ಕಾಲಿನ ಕೀಲು ಸಡಿಲವಾಗಿ ಅದು ತುಸು ಆಚೆಗೆ ಚಾಚಿಕೊಂಡಿತ್ತು. ಬಚ್ಚಲುಮನೆ ಬಾಗಿಲಲ್ಲಿ ನಿಂತು ಓರೆಯಾಗಿ ನೋಡಿದರೆ ವಿ ಅಂತಲೇ ಅನ್ನಬೇಕು. ಎಂ.ಜಿ. ಅಂದರೆ ಯಾವನೋ ಫ್ರೆಂಚ್ ಶಿಲ್ಪಿಯ ಹೆಸರಿರಬಹುದು ಎಂದು ಅಕ್ಕನ ಮಗ ಊಹಿಸಿದ. ನನಗೆ ಅನುಮಾನವೇ ಬರಲಿಲ್ಲ. ಲಕ್ಷಗಳು ಬರುವಾಗ ಅನುಮಾನ ಪಕ್ಕದ ಓಣಿಗೆ ತಿರುಗಿಬಿಡುತ್ತದೆ.

ಅವತ್ತಿನಿಂದ ಕುರ್ಚಿಗೆ ಹಾಲ್‌ನಲ್ಲಿ, ದೇವರ ಮನೆಯ ಪಕ್ಕ ಜಾಗವಾಯಿತು. ಯಾರೂ ಕೂರುವ ಹಾಗಿಲ್ಲ. ಹಾಲಿನವನು ಬಾಕಿ ಕೇಳಲು ಬಂದು ಅದರ ಮೇಲೆ ಕೈಯೂರಿದಾಗ ನಾನು ಕೂಗಿದ ಕೂಗಿಗೆ ಅವನು ಆ ತಿಂಗಳ ಬಾಕಿಯನ್ನೇ ಮರೆತು ಹೋದ. ಕುರ್ಚಿಯಿಂದ ಬಂದ ಮೊದಲ ಲಾಭ ಅದು.

ಉಳಿದೆರಡಕ್ಕೆ ಚೂರು ಮೆರುಗು ಬೇಕೆನಿಸಿತು. ಪಾಲಿಷ್ ಮಾಡುವವರನ್ನು ಕರೆಸಿದೆ. ಹಳೇ ಅರಗಿನ ಪಾಲಿಷನ್ನೆಲ್ಲ ಉಜ್ಜಿ ತೆಗೆದು, ಕನ್ನಡಿಯಲ್ಲಿ ಮುಖ ಕಂಡಷ್ಟು ಹೊಳಪು ಬರುವ ಹೊಸ ನಮೂನೆಯದನ್ನು ಸ್ಪ್ರೇ ಹೊಡೆದರು. ಖರ್ಚು ಹದಿನೆಂಟು ಸಾವಿರ. ಕುರ್ಚಿಯನ್ನು ಮುಟ್ಟಗೊಡಲಿಲ್ಲ. ವಿದೇಶಿಯರಿಗೆ ಕೊಳೆ ಸಮೇತ ಇದ್ದರೇನೇ ಬೆಲೆ ಅಂತ ಅಕ್ಕನ ಮಗ ಹೇಳಿದ್ದ. ಅವನು ಈ ಇಡೀ ಪ್ರಕರಣದಲ್ಲಿ ಆಡಿದ ಒಂದೇ ಸರಿಯಾದ ಮಾತು ಅದು. ಮಂಚಕ್ಕೂ ಆ ಮಾತು ಅನ್ವಯಿಸುತ್ತದೆಂದು ಇಬ್ಬರಿಗೂ ಹೊಳೆಯಲಿಲ್ಲ.

ಆಮೇಲೆ ಫೋಟೊ ತೆಗೆದು ಇಂಟರ್‌ನೆಟ್ಟಿನಲ್ಲಿ ಜಾಹೀರಾತು ಹಾಕಿದೆವು. ಮಂಚ 85,000, ಬೀರು 60,000. ಅರ್ಧ ಗಂಟೆಯಲ್ಲಿ ಮೆಸೇಜುಗಳ ಸುರಿಮಳೆ. 'ಇದೆಯಾ?' ಇದೆ. 'ಲಾಸ್ಟ್ ಎಷ್ಟು?' ನಾನಿನ್ನೂ ಫಸ್ಟಿನಲ್ಲೇ ಇದ್ದೆ. ಒಬ್ಬಾತ ತಾನು ಸೈನ್ಯದಲ್ಲಿರುವುದಾಗಿ ಹೇಳಿ, ಬೆಲೆಯನ್ನೇ ಕೇಳದೆ ಒಪ್ಪಿ, ದುಡ್ಡು ಬರಲು ಕ್ಯೂಆರ್ ಕೋಡ್ ಸ್ಕ್ಯಾನ್ ಮಾಡಿ ಅಂದ. ಸ್ಕ್ಯಾನ್ ಮಾಡುವುದು ದುಡ್ಡು ಕೊಡುವವರು, ತೆಗೆದುಕೊಳ್ಳುವವರಲ್ಲ ಎಂಬಷ್ಟು ಬ್ಯಾಂಕಿನ ಬುದ್ಧಿ ನನ್ನಲ್ಲಿ ಉಳಿದಿತ್ತು. ಆದರೂ ಒಂದು ಕ್ಷಣ ಮನಸ್ಸು ತೂಗಾಡಿತು. ಕೇಳಿದ ಬೆಲೆ ಕೊಡುತ್ತೇನೆಂದವನು ಅವನೊಬ್ಬನೇ ಆಗಿದ್ದ. ಇನ್ನೊಂದು ಜೋಡಿ ಮನೆಗೇ ಬಂತು. ಮಂಚದ ಮೇಲೆ ಕೂತು, ಬೀರುವಿಗೆ ಒರಗಿ, ನವಿಲಿನ ಪಕ್ಕ ಕೆನ್ನೆ ಇಟ್ಟು ನಲವತ್ತು ಫೋಟೊ ಹೊಡೆಸಿಕೊಂಡರು. ಮದುವೆಗೆ ಮುಂಚಿನ ಫೋಟೊಗಳಂತೆ. ಕಾಫಿ ಕುಡಿದು, "ಥ್ಯಾಂಕ್ಸ್ ಅಂಕಲ್, ತುಂಬಾ ಆಥೆಂಟಿಕ್ ಆಗಿದೆ" ಎಂದು ಹೋದರು.

ಎಂಬಿಎ ಓದಿದ ಮಗಳಿಗೆ ನಾನು ಹೇಳುತ್ತಿದ್ದ ಬೆಲೆಗೊಂದು ವಿವರಣೆ ಗೊತ್ತಿತ್ತು. ಕಾನಮನ್, ನೆಚ್, ಥೇಲರ್ ಎಂಬ ಪಂಡಿತರು 1990ರಲ್ಲಿ ಪ್ರಕಟಿಸಿದ ಪ್ರಯೋಗವಂತೆ. ಕಾರ್ನೆಲ್ ವಿಶ್ವವಿದ್ಯಾಲಯದ ಒಂದು ತರಗತಿಯ ಅರ್ಧ ಹುಡುಗರಿಗೆ ಕಾಫಿ ಮಗ್ ಕೊಟ್ಟು ಬೆಲೆ ಹೇಳಿ ಅಂದರು. ಮಗ್ ಕೈಗೆ ಬಂದವರು ಸಾಮಾನ್ಯವಾಗಿ ಐದು ಡಾಲರಿನ ಆಸುಪಾಸು ಕೇಳಿದರು, ಕೈಗೆ ಬಾರದವರು ಅದರ ಅರ್ಧದ ಆಸುಪಾಸಿನಲ್ಲೇ ನಿಂತರು. ನಮ್ಮದಾದ ಕೂಡಲೇ ವಸ್ತುವಿನ ಬೆಲೆ ನಮ್ಮ ಕಣ್ಣಿಗೆ ಇಮ್ಮಡಿ. ಈ ಥೇಲರಿಗೆ 2017ರಲ್ಲಿ ಅರ್ಥಶಾಸ್ತ್ರದ ನೊಬೆಲ್ ಬಂತು. "ಆ ಹುಡುಗರು ಮಗ್ ಹಿಡಿದದ್ದು ಕೆಲವೇ ನಿಮಿಷ ಕಣೇ. ಈ ಬೀರು ನಮ್ಮನೇಲಿ ಐವತ್ತು ವರ್ಷದಿಂದ ಇದೆ. ಆ ಲೆಕ್ಕದಲ್ಲಿ ನಾನು ಕೇಳ್ತಿರೋದು ಕಮ್ಮಿನೇ" ಅಂದೆ. ಅವಳು ತಾಯಿಯ ಮುಖ ನೋಡಿದಳು. ಇಬ್ಬರೂ ಒಳಗೆ ಹೋದರು.

ಕೊನೆಗೆ ಬಂದವರು ನಮ್ಮ ಬೀದಿಯ ಆಚಾರ್ರು. ನಾಲ್ಕು ತಲೆಮಾರಿನ ಬಡಗಿ ಕೆಲಸ. ಚಪ್ಪಲಿ ಬಿಟ್ಟು ಒಳಗೆ ಬಂದವರೇ, ಹೊಳೆಯುವ ಮುಂಭಾಗದ ಕಡೆ ಕಣ್ಣೂ ಹಾಯಿಸದೆ, ಮಂಚದ ಕೆಳಗೆ ಅಂಗಾತ ಮಲಗಿದರು. ಟಾರ್ಚ್ ಕೇಳಿದರು. ಪಾಲಿಷ್ ತಾಗದ ಒಂದು ಮೂಲೆಯಲ್ಲಿ ಉಳಿಯ ತುದಿಯಿಂದ ಎಳ್ಳಷ್ಟು ಹೆರೆದು, ಆ ಹೆರಕಲನ್ನು ಅಂಗೈಗೆ ಹಾಕಿ ಮೂಸಿದರು. ಎಂಜಲು ಹಚ್ಚಿದ ಹೆಬ್ಬೆರಳಿನಿಂದ ಹೆರೆದ ಜಾಗ ಒರೆಸಿ ಬಣ್ಣ ನೋಡಿದರು. "ಕಾಲು ನಾಲ್ಕೂ ಬೀಟೆ. ಅಪ್ಪಟ" ಅಂದರು. ನಾನು ಹಿಗ್ಗಿದೆ. ಸ್ವಂತ ತೋಟದಲ್ಲಿ ಬೆಳೆದಿದ್ದರೂ ಅರಣ್ಯ ಇಲಾಖೆಯ ಅನುಮತಿಯಿಲ್ಲದೆ ಕಡಿಯಲಾಗದ ಮರ ಅದು. ಆಚಾರ್ರು ಪಕ್ಕದ ಪಟ್ಟಿಗೆ ಗೆಣ್ಣಿನಿಂದ ಕುಟ್ಟಿದರು. "ಇದು ಮತ್ತಿ. ಬೀಟೆ ಬಣ್ಣ ಬಳಿದಿದ್ದಾರೆ. ಬೀಟೆಯಾಗಿದ್ದರೆ ಅಡಿಗೆ ಇಪ್ಪತ್ನಾಲ್ಕು ಕೆಜಿ ತೂಗುತ್ತೆ ಸಾರ್, ತೇಗ ಹದಿನೆಂಟು ಅಷ್ಟೆ. ಆದರೆ ಬರೀ ತೂಕ ನಂಬಬಾರದು. ಮತ್ತೀನೂ ಭಾರಾನೇ, ಅದಕ್ಕೇ ಮೂಸಿದ್ದು." ಆಮೇಲೆ ನವಿಲುಗಳ ಬೆನ್ನ ಹಿಂದೆ ಟಾರ್ಚ್ ಹಿಡಿದು ತುಂಬ ಹೊತ್ತು ಸುಮ್ಮನಿದ್ದರು.

"ಇದು ಯಾರ ಕಾಲದ್ದು ಅಂದ್ರಿ?"

"ಮುಮ್ಮಡಿ... ಅಲ್ಲ, ತೊಂಬತ್ತೊಂಬತ್ತು ವರ್ಷ."

"ಮುಮ್ಮಡಿಯವರ ಕಾಲದಲ್ಲಿ ಪ್ಲೈವುಡ್ ಸಿಗ್ತಿತ್ತಾ ಸಾರ್?"

ಬೀರುವಿನ ವಿಚಾರಣೆ ಚುಟುಕಾಗಿ ಮುಗಿಯಿತು. ಬಾಗಿಲು, ಪಕ್ಕ, ಅಡ್ಡ ಹಲಗೆಗಳು ತೇಗ. ಬೆನ್ನಿನ ಹಲಗೆ ಮಾವು, ಅದರಲ್ಲಿ ಗುಂಡುಸೂಜಿ ಗಾತ್ರದ ತೂತುಗಳು, ತೂತಿನ ಕೆಳಗೆ ರವೆಯಂಥ ಪುಡಿ. ಕುಟ್ಟೆ ಹುಳು ಇನ್ನೂ ಸಂಸಾರ ಮಾಡಿಕೊಂಡಿತ್ತು. ತಿರುಗಣಿಗಳಲ್ಲಿ ನಕ್ಷತ್ರದ ತಲೆಯ ಸ್ಕ್ರೂಗಳು. "ಇವು ಆ ಕಾಲದ ಕೆಲಸ ಅಲ್ಲ. ಆವಾಗ ಒಂದೇ ಗೀರಿನ ಸ್ಕ್ರೂ ಹಾಕೋರು." ನಿಜ, ಅವನ್ನು ಒಂದು ಭಾನುವಾರ ನಾನೇ ಹಾಕಿದ್ದೆ. ಅವತ್ತಿನಿಂದಲೇ ಬಾಗಿಲು ಕಿರ್ರೆನ್ನುವುದು. ಕೊನೆಗೆ ಆಚಾರ್ರು ಪಾಲಿಷಿನ ಮೇಲೆ ಬೆರಳಾಡಿಸಿ ನಿಟ್ಟುಸಿರಿಟ್ಟರು. "ಹಳೇ ಸಾಮಾನು ತಗೊಳ್ಳೋರು ಅದರ ವಯಸ್ಸಿಗೆ ದುಡ್ಡು ಕೊಡ್ತಾರೆ ಸಾರ್. ನೀವು ದುಡ್ಡು ಕೊಟ್ಟು ವಯಸ್ಸು ತೆಗೆಸಿದೀರಿ."

ಆಚಾರ್ರೇ ಶಿವಾಜಿನಗರದ ಹಳೇ ಫರ್ನಿಚರ್ ವ್ಯಾಪಾರಿಯೊಬ್ಬರನ್ನು ಕಳಿಸಿಕೊಟ್ಟರು. ಅವರು ಟೇಪು ತರಲಿಲ್ಲ, ಟಾರ್ಚೂ ತರಲಿಲ್ಲ. ಮಂಚದ ಒಂದು ಮೂಲೆಯನ್ನು ಒಂದು ಕೈಯಲ್ಲಿ ಎತ್ತಿ ಕೆಳಗಿಟ್ಟರು. ಬೀರುವನ್ನು ನೋಡಲಿಲ್ಲ, ಮನೆಯ ಬಾಗಿಲನ್ನೂ ಮೆಟ್ಟಿಲನ್ನೂ ನೋಡಿದರು. "ಎರಡೂ ಸೇರಿ ಹದಿನಾಲ್ಕು. ಹೊರಗೆ ಸಾಗಿಸೋ ಕೂಲಿ ನಿಮ್ದು."

ನಾನು ಬೀಟೆ ಕಾಲುಗಳ ಬಗ್ಗೆ ಭಾಷಣ ಮಾಡಿದೆ. ಅವರು ತಾಳ್ಮೆಯಿಂದ ಕೇಳಿ, ಬೆಲೆ ಹೇಗೆ ಆಗುತ್ತದೆಂದು ಬಿಡಿಸಿ ಹೇಳಿದರು. ನಿಮ್ಮ ಮಂಚ ಆರಡಿಗೆ ನಾಲ್ಕಡಿ. ಈಗಿನ ಹಾಸಿಗೆ ಆರೂವರೆ ಅಡಿಗೆ ಐದು, ಇಲ್ಲವೇ ಆರು. ಇದರ ಮೇಲೆ ಅದು ಕೂರುವುದಿಲ್ಲ, ಇದಕ್ಕೆಂದೇ ಯಾರೂ ಹಾಸಿಗೆ ಹೊಲಿಸುವುದಿಲ್ಲ. ಬೀರು ಬಿಚ್ಚಿದರೆ ಮಾತ್ರ ಲಿಫ್ಟಿಗೆ ಹೋಗುತ್ತದೆ, ಬಿಚ್ಚಿದ್ದನ್ನು ಜೋಡಿಸುವವರು ಸಿಗುವುದಿಲ್ಲ. ರೆಸಾರ್ಟಿನವರು, ಹೋಟೆಲಿನವರು ಕೇಳುವುದು ಹಳೇ ಕಂಬ, ಚೌಕಟ್ಟು ಸಮೇತ ಬಾಗಿಲು, ಚಿಕ್ಕ ಪೆಟ್ಟಿಗೆ, ಕನ್ನಡಿ. "ಈ ಮನೆ ಬಾಗಿಲು ಕೊಡ್ತೀರಾ? ಅದಕ್ಕೆ ಬೇಕಾದ್ರೆ ಇಪ್ಪತ್ತು ಕೊಡ್ತೀನಿ." ಬಾಗಿಲು ಬಿಲ್ಡರನದಾಗಿತ್ತು. ಇಡೀ ಮನೆಯಲ್ಲಿ ಬೆಲೆಬಾಳುವ ಒಂದೇ ಮರದ ಸಾಮಾನನ್ನು ನಾನು ಜಾಯಿಂಟ್ ಡೆವಲಪ್‌ಮೆಂಟ್ ಕರಾರಿನಲ್ಲಿ ಮುಂಗಡವಾಗಿಯೇ ಪುಕ್ಕಟೆ ಕೊಟ್ಟಾಗಿತ್ತು.

ಹದಿನೆಂಟು ಸಾವಿರದ ಪಾಲಿಷಿನ ಸಾಮಾನನ್ನು ಹದಿನಾಲ್ಕು ಸಾವಿರಕ್ಕೆ ಒಪ್ಪಿದೆ. ಹೊರಡುವ ಮುಂಚೆ ನನ್ನ ತುರುಫು ಎಲೆ ತೆಗೆದೆ. ಕುರ್ಚಿಯನ್ನು ತೋರಿಸಿ, "ಇದರ ಬಗ್ಗೆ ಏನಂತೀರಿ?" ಅಂದೆ. ಅವರು ಅಕ್ಷರ ಓದಿ, ಎರಡು ಹೆಜ್ಜೆ ಹಿಂದೆ ಸರಿದರು.

"ಎಂ.ಜಿ. ಅಂದ್ರೆ ಮೈಸೂರು ಗೌರ್ನಮೆಂಟು ಸಾರ್. ಕರ್ನಾಟಕ ಅಂತ ಹೆಸರಾಗೋಕೆ ಮುಂಚಿಂದು. ಹರಾಜಿನ ರಸೀದಿ ಇದೆಯಾ? ಇಲ್ಲದಿದ್ರೆ ನಾನು ಮುಟ್ಟಲ್ಲ."

ನನ್ನಪ್ಪ ಸರಕಾರಿ ಗುಮಾಸ್ತರಾಗಿದ್ದರು. ಕಚೇರಿಯ ಒಂದು ಗುಂಡುಸೂಜಿಯನ್ನೂ ಮನೆಗೆ ತರಬಾರದೆಂದು ನಮಗೆಲ್ಲ ಬುದ್ಧಿ ಹೇಳಿ ಬೆಳೆಸಿದವರು. ಹಾಗೆ ಹೇಳುವಾಗ ಅವರು ಕೂತಿರುತ್ತಿದ್ದುದು ಇದೇ ಕುರ್ಚಿಯಲ್ಲಿ. ರಸೀದಿ ಇದ್ದೇ ಇರುತ್ತದೆಂದು ಅವರ ಕಬ್ಬಿಣದ ಟ್ರಂಕು ತೆರೆದೆ. ಹಳೇ ರೇಷನ್ ಕಾರ್ಡು, ಎಲ್‌ಐಸಿ ಕಾಗದ, ಜಾತಕಗಳ ಕೆಳಗೆ ಸಿಕ್ಕಿದ್ದು 1969ರ ಒಂದು ಮೆಮೊ. ಕಚೇರಿಯ ಕೈಕುರ್ಚಿ ನಂಬರ್ 114 ತಮ್ಮ ಮನೆಯಲ್ಲಿರುವುದು ಗಮನಕ್ಕೆ ಬಂದಿದ್ದು, ಮೂರು ದಿನದೊಳಗೆ ಹಿಂದಿರುಗಿಸತಕ್ಕದ್ದು ಎಂದಿತ್ತು. ಅದಕ್ಕೆ ಪಿನ್ನು ಹಾಕಿದ್ದ ಕಾರ್ಬನ್ ಪ್ರತಿಯಲ್ಲಿ ಅಪ್ಪನ ಉತ್ತರ. ಸದರಿ ಕುರ್ಚಿಯ ಬೆತ್ತ ಹರಿದಿರುವುದರಿಂದ ಸ್ವಂತ ಖರ್ಚಿನಲ್ಲಿ ದುರಸ್ತಿ ಮಾಡಿಸಲಾಗುತ್ತಿದ್ದು, ದುರಸ್ತಿ ಮುಗಿದ ಕೂಡಲೇ ತಪ್ಪದೆ ಹಿಂದಿರುಗಿಸಲಾಗುವುದು.

ಅಪ್ಪ ಸುಳ್ಳು ಹೇಳಿರಲಿಲ್ಲ. ದುರಸ್ತಿ ಇನ್ನೂ ಮುಗಿದಿಲ್ಲ.

ಐವತ್ತೈದು ವರ್ಷದ ಬಾಡಿಗೆಯನ್ನು ಬಡ್ಡಿ ಸಮೇತ ಲೆಕ್ಕ ಹಾಕಲು ಭಾವಮೈದ ಉತ್ಸಾಹದಿಂದ ಮುಂದೆ ಬಂದ. ಅವನ ಫೋನ್ ಕಟ್ ಮಾಡಿ, ಆಟೊದಲ್ಲಿ ಕುರ್ಚಿ ಹೇರಿಕೊಂಡು ಕಚೇರಿಗೆ ಹೋದೆ. ಅಲ್ಲಿನ ಗುಮಾಸ್ತರು ಸ್ಟಾಕ್ ರಿಜಿಸ್ಟರು ತಿರುವಿ, "114 ನಮ್ಮಲ್ಲಿ ಇಲ್ಲವಲ್ಲ ಸಾರ್" ಅಂದರು. ಅದಕ್ಕೇ ತಂದಿದ್ದೇನೆ ಅಂದೆ. "ಹೋಗಿದ್ದಕ್ಕೆ ದಾಖಲೆ ಇಲ್ಲದೆ ಬಂದಿದ್ದಕ್ಕೆ ಎಂಟ್ರಿ ಹೇಗೆ ಹಾಕೋದು? ಆಡಿಟ್ ಅಬ್ಜೆಕ್ಷನ್ ಬರುತ್ತೆ. ವಾಪಸ್ ತಗೊಂಡು ಹೋಗಿ. ನಮ್ಮ ಕಂಡಮ್ ಕುರ್ಚಿಗಳಿಗೇ ಜಾಗ ಇಲ್ಲ." ಹಿಂದಿನ ವರಾಂಡ ತೋರಿಸಿದರು. ಬೆತ್ತ ಹರಿದ, ಕೈ ಮುರಿದ ಕುರ್ಚಿಗಳು ಸೂರಿನ ತನಕ ರಾಶಿ ಬಿದ್ದಿದ್ದವು. ಅಡಿಯಲ್ಲಿ ಸಿಕ್ಕಿಹಾಕಿಕೊಂಡಿದ್ದ ಕೆಲವದರ ಕಾಲುಗಳು, ನಾನು ನಿಂತ ಕಡೆಯಿಂದ ನೋಡಿದರೆ, ಸ್ಪಷ್ಟವಾಗಿ ವಿ ಆಕಾರ.

ಹರಾಜು ಮುಂದಿನ ತಿಂಗಳಂತೆ. ಠೇವಣಿ ಸಾವಿರ ರೂಪಾಯಿ, ರಸೀದಿ ಕೊಡುತ್ತಾರೆ. ಫ್ಲ್ಯಾಟಿನ ಬಾಲ್ಕನಿ ಅಳತೆ ತೆಗೆದಿಟ್ಟುಕೊಂಡಿದ್ದೇನೆ, ಒತ್ತಿ ಜೋಡಿಸಿದರೆ ಏಳು ಹಿಡಿಸುತ್ತವೆ. ಟೇಪು ಯಾಕೆ ಅಂತ ನನ್ನಾಕೆ ಕೇಳಿದ್ದಕ್ಕೆ, ತುಳಸಿಕಟ್ಟೆಗೆ ಅಂದಿದ್ದೇನೆ.